ಕಡ್ಡಿಯಲ್ಲಿ ಸರಿ, ಸ್ಲೇಟಲ್ಲಿ ತಪ್ಪು: ಸಹಾಯ ಬೇಕು

ಡಿ.ಎಲ್.ಇಡಿ. (ಶಿಕ್ಷಕರ ತರಬೇತಿ ಡಿಪ್ಲೊಮಾ) ಇಂಟರ್ನ್‌ಶಿಪ್, ನಲಿಕಲಿ (ಚಟುವಟಿಕೆ ಮೂಲಕ ಕಲಿಸೋ) ತರಗತಿಯ 3ನೇ ಕ್ಲಾಸ್ ಮಕ್ಕಳು. 52ರಲ್ಲಿ 27 ಕಳೀರಿ ಅಂದ್ರೆ ಸುಮಾರು ಜನ 35 ಬರೀತಾರೆ. ಇದೇ ಲೆಕ್ಕಕ್ಕೆ ಎರಡು ಬೇರೆ ಬೇರೆ ತಪ್ಪಲ್ಲೂ 35 ಬರುತ್ತೆ (ನನ್ನ ಆಯ್ಕೆಯೇ ಎಡವಟ್ಟು), ಹಾಗಾಗಿ 52 – 28 ಕೊಟ್ಟೆ. 36 ಬರೆದವರು 8ರಲ್ಲೇ 2 ಕಳೆದಿದ್ದಾರೆ. 34 ಬರೆದವರು ದಶಕ ತಂದು 12 ಮಾಡಿದ್ದಾರೆ, ಆದರೆ 5ನ್ನು ಹೊಡೆದು 4 ಮಾಡಿಲ್ಲ.

ಹತ್ತತ್ತು ಕಡ್ಡಿಯ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟರೆ ಇದೇ ಮಕ್ಕಳು ಒಂದು ಕಟ್ಟಿನ ರಬ್ಬರ್‌ಬ್ಯಾಂಡ್ ಬಿಚ್ಚಿ 24 ಅಂತ ಸರಿಯಾಗೇ ಹೇಳ್ತಾರೆ. ಸ್ಲೇಟಿನ ಮೇಲೆ ಕಟ್ಟು–ಬಿಡಿ ಅಂತ ಎರಡು ಮನೆ ಗೆರೆ ಹಾಕಿಸಿದೆ, ಗೆರೆ ಅಳಿಸಿದ ಕೂಡಲೇ ಹಳೇ ಕಥೆ.

ಅನುಭವ ಇರೋ ಮೇಷ್ಟ್ರು, ಟೀಚರ್‌ಗಳೇ, ಕಡ್ಡಿಯಿಂದ ಅಂಕಿಗೆ ದಾಟಿಸೋಕೆ ಮಧ್ಯದಲ್ಲಿ ಯಾವ ಚಟುವಟಿಕೆ ಮಾಡಿಸ್ತೀರಿ? 36 ಗುಂಪಿಗೂ 34 ಗುಂಪಿಗೂ ಅದೇ ಸಾಕಾ, ಬೇರೆ ಬೇರೆ ಬೇಕಾ?