ಸಂಜೆಯ ವಾರ್ತೆಯಲ್ಲಿ ಬಾರ್ಬರಾ ವಾಲ್ಟರ್ಸ್ ನಿಜವಾಗಿ ಸೋತರೇ?

ಪ್ರಶ್ನೆ:

ಅಮೆರಿಕದ ಟಿವಿ ಪತ್ರಕರ್ತೆ ಬಾರ್ಬರಾ ವಾಲ್ಟರ್ಸ್ ಅವರ ವೃತ್ತಿಜೀವನದ ಕುರಿತು ಓದುತ್ತಿದ್ದೇನೆ. 1976ರ ಅಕ್ಟೋಬರ್‌ನಲ್ಲಿ ಅವರು ಎಬಿಸಿ ವಾಹಿನಿಯ ಸಂಜೆಯ ವಾರ್ತೆಗೆ ಹ್ಯಾರಿ ರೀಸನರ್ ಅವರೊಂದಿಗೆ ಸಹನಿರೂಪಕಿಯಾಗಿ ಬಂದರು. ರಾಷ್ಟ್ರೀಯ ವಾಹಿನಿಯೊಂದರಲ್ಲಿ ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಅವರೇ, ಸಂಬಳವೂ ವರ್ಷಕ್ಕೆ 10 ಲಕ್ಷ ಡಾಲರ್. ಆದರೆ ಎರಡು ವರ್ಷ ತುಂಬುವ ಮೊದಲೇ ಆ ಜೋಡಿ ಮುರಿದುಬಿತ್ತು. ಹೀಗಿರುವಾಗ ಅವರನ್ನು ದಾರಿ ತೋರಿದವರೆಂದು ಹೊಗಳುವುದು ಯಾವ ಆಧಾರದ ಮೇಲೆ? ವಾರ್ತೆ ಓದಿದ್ದಕ್ಕೋ ಅಥವಾ ಸಂದರ್ಶನಗಳಿಗೋ?

ಉತ್ತರ 1:

ಸಂದರ್ಶನಗಳಿಗೆ ಎಂಬುದೇ ನನ್ನ ಉತ್ತರ. ಆದರೆ ಅದಕ್ಕೆ 1976ಕ್ಕಿಂತ ಹಿಂದಕ್ಕೆ ಹೋಗಬೇಕು. ಅವರು ಎನ್‌ಬಿಸಿ ವಾಹಿನಿಯ ಬೆಳಗಿನ ಕಾರ್ಯಕ್ರಮ ‘ಟುಡೇ’ಗೆ 1961ರಲ್ಲಿ ಸೇರಿದ್ದು ಬರಹಗಾರ್ತಿಯಾಗಿ. ಪರದೆಯ ಮೇಲೆ ಹೆಣ್ಣಿಗೆ ಅಲ್ಲಿದ್ದ ಜಾಗವೆಂದರೆ ಹವಾಮಾನ, ಉಡುಗೆ ತೊಡುಗೆಗಳ ಲಘು ಮಾತುಕತೆ. ವರ್ಷಗಳ ದುಡಿಮೆಯ ನಂತರ ಅವರು ರಾಜಕಾರಣಿಗಳನ್ನು ಪ್ರಶ್ನಿಸುವ ಮಟ್ಟಕ್ಕೆ ಬಂದರು. ಅಷ್ಟರಲ್ಲಿ, 1971ರಲ್ಲಿ ಮುಖ್ಯ ನಿರೂಪಕರಾಗಿ ಬಂದ ಫ್ರಾಂಕ್ ಮೆಗೀ ಅವರು ಆಡಳಿತದವರ ಬಳಿಗೆ ಹೋಗಿ ಒಂದು ಕಟ್ಟಳೆ ಮಾಡಿಸಿಕೊಂಡರು: ಸ್ಟುಡಿಯೋಗೆ ಗಣ್ಯರು ಬಂದರೆ ಮೊದಲ ಮೂರು ಪ್ರಶ್ನೆ ಮೆಗೀ ಅವರವು, ವಾಲ್ಟರ್ಸ್ ಬಾಯಿ ತೆರೆಯುವುದು ನಾಲ್ಕನೆಯದಕ್ಕೆ.

ಆ ಕಟ್ಟಳೆ ಸ್ಟುಡಿಯೋಗೆ ಮಾತ್ರ ಅನ್ವಯಿಸುತ್ತಿತ್ತು, ಹೊರಗೆ ಹೋಗಿ ಚಿತ್ರೀಕರಿಸಿ ತಂದರೆ ಎಲ್ಲ ಪ್ರಶ್ನೆಗಳೂ ವಾಲ್ಟರ್ಸ್ ಅವರವೇ. ಹಾಗಾಗಿ ಅವರು ಪತ್ರ ಬರೆದು, ಮತ್ತೆ ಮತ್ತೆ ಫೋನ್ ಮಾಡಿ, ಸುಲಭವಾಗಿ ಸಿಗದವರ ಬೆನ್ನು ಹತ್ತಿ ಅವರಿದ್ದಲ್ಲಿಗೇ ಹೋಗತೊಡಗಿದರು. ಪ್ರಶ್ನೆಗಳನ್ನು ಸಣ್ಣ ಕಾರ್ಡುಗಳ ಮೇಲೆ ಬರೆದು, ಅವುಗಳ ಕ್ರಮವನ್ನು ಬದಲಿಸುತ್ತ ಹೋಗುವ ಅವರ ಅಭ್ಯಾಸ ಪ್ರಸಿದ್ಧವಾದದ್ದು. ಮೆಗೀ 1974ರಲ್ಲಿ ತೀರಿಕೊಂಡ ಮೇಲಷ್ಟೇ ‘ಟುಡೇ’ ಅವರನ್ನು ಸಹನಿರೂಪಕಿ ಎಂದು ಅಧಿಕೃತವಾಗಿ ಕರೆಯಿತು. ಆ ಹೊತ್ತಿಗೆ ಅವರ ನಿಜವಾದ ಕಸುಬು ಸ್ಟುಡಿಯೋದ ಹೊರಗೆ ಗಟ್ಟಿಯಾಗಿಬಿಟ್ಟಿತ್ತು.

ಎಬಿಸಿಯಲ್ಲಿ ರೀಸನರ್ ಅವರಿಗೆ ಸಹನಿರೂಪಕಿಯೇ ಬೇಕಿರಲಿಲ್ಲ, ಆ ಮುನಿಸು ಪರದೆಯ ಮೇಲೂ ಕಾಣುತ್ತಿತ್ತು. ಆದರೆ ಅದೇ ಅವಧಿಯಲ್ಲಿ, 1977ರಲ್ಲಿ, ವಾಲ್ಟರ್ಸ್ ಕ್ಯೂಬಾಕ್ಕೆ ಹೋಗಿ ಅಲ್ಲಿನ ನಾಯಕ ಫಿಡೆಲ್ ಕ್ಯಾಸ್ಟ್ರೋ ಅವರೊಂದಿಗೆ, 1961ರಲ್ಲಿ ಅಮೆರಿಕ ಬೆಂಬಲಿಸಿದ ದಾಳಿ ವಿಫಲವಾದ ಬೇ ಆಫ್ ಪಿಗ್ಸ್ ಕೊಲ್ಲಿಯನ್ನು ದೋಣಿಯಲ್ಲಿ ದಾಟಿದರು. ನವೆಂಬರ್‌ನಲ್ಲಿ ಈಜಿಪ್ಟ್‌ನ ಅಧ್ಯಕ್ಷ ಸಾದಾತ್ ಜೆರುಸಲೇಮ್‌ಗೆ ಬಂದಾಗ, ಅವರನ್ನೂ ಇಸ್ರೇಲಿನ ಪ್ರಧಾನಿ ಬೆಗಿನ್ ಅವರನ್ನೂ ಜೊತೆಯಾಗಿ ಕೂರಿಸಿ ಮೊದಲು ಸಂದರ್ಶಿಸಿದವರು ಇವರೇ. ಪ್ರತಿಸ್ಪರ್ಧಿ ವಾಹಿನಿ ಸಿಬಿಎಸ್‌ನ ಹೆಸರಾಂತ ನಿರೂಪಕ ವಾಲ್ಟರ್ ಕ್ರಾಂಕೈಟ್ ಅವರಿಗೆ ಸರದಿ ಸಿಕ್ಕಿದ್ದು ಆಮೇಲೆ. ಇದನ್ನು ಸೋಲಿನ ಕಾಲವೆನ್ನಲು ನನ್ನಿಂದಾಗದು.

ಉತ್ತರ 2:

ಮೇಲಿನ ಉತ್ತರ ಸರಿಯೇ, ಆದರೆ ಹೊಗಳಿಕೆ ತುಸು ಹೆಚ್ಚಾಯಿತು. ಆ 10 ಲಕ್ಷದಲ್ಲಿ ಅರ್ಧವನ್ನು ಮಾತ್ರ ಸುದ್ದಿ ವಿಭಾಗ ಕೊಡುತ್ತಿತ್ತು, ಉಳಿದರ್ಧ ಮನರಂಜನಾ ವಿಭಾಗದಿಂದ, ವರ್ಷಕ್ಕೆ ನಾಲ್ಕು ವಿಶೇಷ ಕಾರ್ಯಕ್ರಮಗಳಿಗಾಗಿ. ಮೊದಲ ವಿಶೇಷದಲ್ಲೇ ಗಾಯಕಿ ಬಾರ್ಬ್ರಾ ಸ್ಟ್ರೈಸಾಂಡ್ ಅವರೂ ಆಗಷ್ಟೇ ಅಧ್ಯಕ್ಷರಾಗಿ ಚುನಾಯಿತರಾಗಿದ್ದ ಜಿಮ್ಮಿ ಕಾರ್ಟರ್ ಅವರೂ ಒಂದೇ ಪಂಕ್ತಿಯಲ್ಲಿ ಕುಳಿತಂತಾಯಿತು. ಸುದ್ದಿ ಎಲ್ಲಿ ಮುಗಿಯಿತು, ತಾರಾಮೋಹ ಎಲ್ಲಿ ಶುರುವಾಯಿತು ಎಂದು ಕೇಳಿದ ಟೀಕಾಕಾರರೆಲ್ಲ ಹೊಟ್ಟೆಕಿಚ್ಚಿನವರೇನಲ್ಲ. ಇನ್ನೂ ಗಂಭೀರವಾದದ್ದು ಇರಾನ್-ಕಾಂಟ್ರಾ ಹಗರಣದ (ಅಮೆರಿಕದ ಸರ್ಕಾರ ಇರಾನಿಗೆ ಗುಟ್ಟಾಗಿ ಶಸ್ತ್ರಾಸ್ತ್ರ ಮಾರಿ, ಆ ಹಣವನ್ನು ನಿಕರಾಗುವಾದ ಕಾಂಟ್ರಾ ಬಂಡುಕೋರರಿಗೆ ಸಾಗಿಸಿದ ಪ್ರಕರಣ) ಪ್ರಸಂಗ. ಶಸ್ತ್ರಾಸ್ತ್ರ ದಲ್ಲಾಳಿ ಮನುಚೆಹ್ರ್ ಗೊರ್ಬನಿಫರ್ ಅವರನ್ನು ಸಂದರ್ಶಿಸಿದ ನಂತರ ಅವರು ಕೊಟ್ಟ ಮಾಹಿತಿಯನ್ನು ವಾಲ್ಟರ್ಸ್ ಅಧ್ಯಕ್ಷ ರೇಗನ್ ಅವರಿಗೆ ತಲುಪಿಸಿದರು. 1987ರಲ್ಲಿ ಅದು ಬಯಲಾದಾಗ, ಇದು ನಮ್ಮ ನಿಯಮಕ್ಕೆ ವಿರುದ್ಧವೆಂದು ಎಬಿಸಿಯೇ ಹೇಳಬೇಕಾಯಿತು. ದೊಡ್ಡವರ ಮನೆಯ ಬಾಗಿಲು ತೆರೆಸಿಕೊಳ್ಳುವ ಪತ್ರಕರ್ತರು ಯಾವಾಗ ಅವರ ದೂತರಾಗಿಬಿಡುತ್ತಾರೆ ಎಂಬುದಕ್ಕೆ ಪಾಠದಲ್ಲಿ ಇಡಬೇಕಾದ ಉದಾಹರಣೆ ಇದು.

(ನಟಿ ಕ್ಯಾಥರೀನ್ ಹೆಪ್‌ಬರ್ನ್ ಅವರಿಗೆ ‘ನೀವು ಯಾವ ಮರ’ ಎಂದು ಕೇಳಿದ್ದಕ್ಕೆ ಜನ ಇಂದಿಗೂ ನಗುತ್ತಾರೆ. ಮರದ ಮಾತನ್ನು ಮೊದಲು ಎತ್ತಿದವರು ಹೆಪ್‌ಬರ್ನ್ ಅವರೇ. ಆ ಒಂದು ಆರೋಪದಿಂದ ವಾಲ್ಟರ್ಸ್ ಅವರನ್ನು ಬಿಡುಗಡೆ ಮಾಡಬಹುದು.)

ಉತ್ತರ 3:

‘ಮೊದಲ ಮಹಿಳೆ’ ಎನ್ನುವಾಗ ಸ್ವಲ್ಪ ಎಚ್ಚರ ಬೇಕು. ಅದೇ ಎಬಿಸಿಯಲ್ಲಿ 1964ರಲ್ಲಿ ನಿರೂಪಕರಿಗೆ ಹುಷಾರಿಲ್ಲದ ದಿನ ಮಾರ್ಲೀನ್ ಸ್ಯಾಂಡರ್ಸ್ ಸಂಜೆಯ ವಾರ್ತೆಯನ್ನು ನಡೆಸಿಕೊಟ್ಟಿದ್ದರು. ವಿಶ್ವಸಂಸ್ಥೆಯ ವರದಿಗಾರ್ತಿಯಾಗಿ ಹೆಸರಾಗಿದ್ದ ಪಾಲಿನ್ ಫ್ರೆಡರಿಕ್ ಇನ್ನೂ ಹಿಂದಿನವರು. 1976ರ ಅಧ್ಯಕ್ಷೀಯ ಚುನಾವಣೆಯ ಫೋರ್ಡ್-ಕಾರ್ಟರ್ ಚರ್ಚೆಗಳಲ್ಲಿ ಎರಡನೆಯದನ್ನು ಫ್ರೆಡರಿಕ್ ಅವರೂ, ಮೂರನೆಯದನ್ನು ವಾಲ್ಟರ್ಸ್ ಅವರೂ ನಿರ್ವಹಿಸಿದರು.

ಸಂಜೆಯ ವಾರ್ತೆಯ ಆಸನದ ಕಥೆ ಮಾತ್ರ ನಿಧಾನವಾಗಿಯೇ ಸಾಗಿತು. 1993ರಲ್ಲಿ ಸಿಬಿಎಸ್ ಕಾನೀ ಚಂಗ್ ಅವರನ್ನು ಡ್ಯಾನ್ ರಾದರ್ ಅವರ ಪಕ್ಕ ಕೂರಿಸಿತು, ಅದೂ ಎರಡೇ ವರ್ಷ ನಡೆಯಿತು. ಪಕ್ಕದಲ್ಲಿ ಪುರುಷ ನಿರೂಪಕರಿಲ್ಲದೆ ವಾರದ ದಿನಗಳ ಸಂಜೆ ವಾರ್ತೆಯನ್ನು ಮಹಿಳೆಯೊಬ್ಬರೇ ಕಾಯಂ ಆಗಿ ವಹಿಸಿಕೊಂಡದ್ದು 2006ರ ಸೆಪ್ಟೆಂಬರ್‌ನಲ್ಲಿ, ಸಿಬಿಎಸ್‌ನ ಕೇಟಿ ಕೂರಿಕ್ ಬಂದಾಗ. ಜೋಡಿ ಮುರಿದದ್ದಕ್ಕೆ ವಾಲ್ಟರ್ಸ್ ಅವರನ್ನೇ ಹೊಣೆ ಮಾಡುವವರು ಈ 30 ವರ್ಷಗಳ ಅಂತರಕ್ಕೂ ಕಾರಣ ಹೇಳಬೇಕಾಗುತ್ತದೆ.