ಲೀಡ್ಸ್ ಮಂದಿಯ ಇಂಗ್ಲಿಷ್ ಹೆಂಗ ತಿಳ್ಕೋಬೇಕ್ರಿ?

ಪ್ರಶ್ನೆ (ಸಿಂಧನೂರು): ತಂಗಿ ನರ್ಸ್ ಕೆಲಸಕ್ಕ ಉತ್ತರ ಇಂಗ್ಲೆಂಡಿನ ಲೀಡ್ಸ್‌ಗೆ ಹೊಂಟಾಳ್ರಿ. ಅಲ್ಲಿಯ ಆಡುಮಾತು ಮೊದಲು ಯಾವುದು ಕಲೀಬೇಕು?

ಉತ್ತರ (ಗಂಗಾವತಿ): ಊಟದ ಮಾತು. ಉತ್ತರ ಇಂಗ್ಲೆಂಡಿನ್ಯಾಗ ಬಹಳ ಮಂದಿಗೆ 'ಡಿನ್ನರ್' ಅಂದ್ರ ಮಧ್ಯಾಹ್ನದ ಊಟ, 'ಟೀ' ಅಂದ್ರ ಸಂಜಿ ಊಟ. ಟೀಗೆ ಕರೆದ್ರ ಉಂಡು ಹೋಗಬಾರ್ದು. 'ಹಾಫ್ ಫೈವ್' ಅಂದ್ರ ಐದೂವರಿ, ನಾಲ್ಕೂವರಿ ಅಲ್ಲ.

ಉತ್ತರ (ಸಿರುಗುಪ್ಪ): ವಾರ್ಡಿನ ಮಾತು ಇನ್ನೂ ಮುಖ್ಯ ರೀ. 'ಪೂರ್ಲಿ' ಅಂದ್ರ ಬಡತನ ಅಲ್ಲ, ಮೈಯಾಗ ಹುಷಾರಿಲ್ಲ ಅಂತ. ವಯಸ್ಸಾದವರು 'ಸ್ಪೆಂಡ್ ಎ ಪೆನ್ನಿ' ಅಂದ್ರ ರೊಕ್ಕದ ಮಾತಲ್ಲ, ಶೌಚಕ್ಕ ಹೋಗಬೇಕು ಅಂತ. ಹಿಂದ ಸಾರ್ವಜನಿಕ ಶೌಚಾಲಯದ ಬಾಗಿಲಿಗೆ ಒಂದು ಪೆನ್ನಿ ನಾಣ್ಯ ಹಾಕಬೇಕಿತ್ತು. ತಡ ಮಾಡದ ಕರ್ಕೊಂಡು ಹೋಗಬೇಕು. ಜೊತಿ ಕೆಲಸದವರ 'ಯೂ ಆಲ್‌ರೈಟ್?' ನಮ್ಮ 'ಊಟಾತೇನ್ರಿ?' ಇದ್ದಂಗ. 'ಆಲ್‌ರೈಟ್, ಯೂ?' ಅಂದ್ರ ಸಾಕು.