ಚಪ್ಪಟೆ ಲೆನ್ಸ್ ಬಂದರೆ ನನ್ನ ಸೋಡಾಬುಡ್ಡಿ ಹೋಗುತ್ತಾ?

ಮೈನಸ್_ಒಂಬತ್ತು:
ನನ್ನ ಪವರ್ ಮೈನಸ್ 9. ಎಷ್ಟೇ ದುಡ್ಡು ಕೊಟ್ಟು ತೆಳು ಗ್ಲಾಸ್ ಹಾಕಿಸಿದರೂ ಅಂಚು ಫ್ರೇಮಿನಿಂದ ಆಚೆ ಇಣುಕುತ್ತದೆ, ಸಂಜೆ ಹೊತ್ತಿಗೆ ಮೂಗಿನ ಮೇಲೆ ಎರಡು ಕೆಂಪು ಗುಳಿ. ಈಗ ಮೆಟಾಲೆನ್ಸ್ ಅಂತ ಬಂದಿದೆಯಂತೆ, ಕೂದಲಿಗಿಂತ ತೆಳುವಂತೆ, ಉಬ್ಬು ತಗ್ಗು ಏನೂ ಇಲ್ಲವಂತೆ. ಉಬ್ಬೇ ಇಲ್ಲದೆ ಬೆಳಕು ಹೇಗೆ ಬಾಗುತ್ತದೆ? ಕನ್ನಡಕಕ್ಕೆ ಯಾವಾಗ ಬರುತ್ತದೆ?

ಲ್ಯಾಬ್‌ಹುಳ:
ಗಾಜಿನೊಳಗೆ ಬೆಳಕು ನಿಧಾನವಾಗುತ್ತದೆ. ಭೂತಗನ್ನಡಿಯ ನಡುಭಾಗ ದಪ್ಪ, ಅಲ್ಲಿ ಹೋಗುವ ಬೆಳಕು ಜಾಸ್ತಿ ತಡ, ಅಂಚಿನದು ಕಡಿಮೆ. ಈ ತಡದ ಏರುಪೇರಿನಿಂದಲೇ ಬೆಳಕು ಒಂದು ಕಡೆ ಬಂದು ಸೇರುವುದು. ನಿಮ್ಮ ಮೈನಸ್‌ನಲ್ಲಿ ಉಲ್ಟಾ. ಅಂದರೆ ದಪ್ಪವೇ ಬೇಕು ಅಂತಿಲ್ಲ, ತಡವಾದರೆ ಸಾಕು. ಹಾಗಾಗಿ ಚಪ್ಪಟೆ ಗಾಜಿನ ಮೇಲೆ ಪುಟಾಣಿ ಕಂಬಗಳನ್ನು ನಿಲ್ಲಿಸುತ್ತಾರೆ. ಎತ್ತರ ಒಂದೇ, ಅಗಲ ಬೇರೆ ಬೇರೆ: ದಪ್ಪ ಕಂಬದಲ್ಲಿ ಜಾಸ್ತಿ ತಡ, ಸಣಕಲು ಕಂಬದಲ್ಲಿ ಕಡಿಮೆ. ತಡ ಒಂದು ಪೂರ್ತಿ ಅಲೆಯಷ್ಟಾದರೆ ಮತ್ತೆ ಸೊನ್ನೆಯಿಂದ ಶುರು, ಗಡಿಯಾರದ ಮುಳ್ಳು 12 ದಾಟಿದ ಹಾಗೆ. ಅದಕ್ಕೇ ಅಷ್ಟು ತೆಳು.

2016ರಲ್ಲಿ ಹಾರ್ವರ್ಡ್‌ನ ಫೆಡೆರಿಕೊ ಕಪಾಸೊ ತಂಡ ಮಾಡಿದ ಲೆನ್ಸ್‌ನಲ್ಲಿ ಕಂಬಗಳ ಎತ್ತರ ಬರೀ 600 ನ್ಯಾನೊಮೀಟರ್. ಅಲ್ಲಿ ಅಗಲ ಬದಲಿಸದೆ, ಅದೇ ಪರಿಣಾಮಕ್ಕಾಗಿ ಒಂದೊಂದನ್ನೂ ಬೇರೆ ಕೋನಕ್ಕೆ ತಿರುಗಿಸಿ ನಿಲ್ಲಿಸಿದ್ದರು. ಸಾಮಗ್ರಿ ಟೈಟೇನಿಯಂ ಡೈಆಕ್ಸೈಡ್, ಗೋಡೆಯ ಬಿಳಿ ಪೇಂಟ್‌ನಲ್ಲಿ ಇರುವುದೇ! ಆದರೆ ಕಂಬ ನಿಲ್ಲಲು ಕೆಳಗೆ ಗಾಜು ಬೇಕಲ್ವಾ, ಕೂದಲಿನ ಲೆಕ್ಕ ಕಂಬಗಳದ್ದು ಮಾತ್ರ.

ಬಣ್ಣದ_ಬುಗುರಿ:
ಸ್ವಲ್ಪ ತಡೀರಿ, ಈಗಲೇ ಖುಷಿಪಡಬೇಡಿ. ಇದರ ದೊಡ್ಡ ತಲೆನೋವು ಬಣ್ಣ. ಒಂದು ಬಣ್ಣಕ್ಕೆ ಸರಿಹೊಂದಿಸಿದರೆ ಇನ್ನೊಂದು ಕೈಕೊಡುತ್ತದೆ. ಮಾಮೂಲಿ ಗಾಜಿನಲ್ಲಿ ನೀಲಿ ಹತ್ತಿರ ಫೋಕಸ್ ಆಗುತ್ತದೆ, ಇದರಲ್ಲಿ ಕೆಂಪು ಹತ್ತಿರ, ಅದೂ ಜಾಸ್ತಿ ವ್ಯತ್ಯಾಸದಲ್ಲಿ. 2018ರಲ್ಲಿ ನೀಲಿಯಿಂದ ಕೆಂಪಿನವರೆಗೆ (ಅಲೆಯ ಉದ್ದ 470ರಿಂದ 670 ನ್ಯಾನೊಮೀಟರ್) ಸರಿಮಾಡಿ ತೋರಿಸಿದರು, ಆದರೆ ಲೆನ್ಸ್ ತೀರಾ ಚಿಕ್ಕದು. ಒಂದೇ ಬಣ್ಣ ಸಾಕು ಅನ್ನುವ ಕಡೆ ಮಾತ್ರ ಇದು ಆಗಲೇ ಮಾರುಕಟ್ಟೆಯಲ್ಲಿದೆ, ಉದಾಹರಣೆಗೆ ಇನ್‌ಫ್ರಾರೆಡ್‌ನಲ್ಲಿ ದೂರ ಅಳೆಯುವ ಸೆನ್ಸರ್.

ದೊಡ್ಡದೂ ಮಾಡಿದ್ದಾರೆ. 2024ರಲ್ಲಿ ಅದೇ ಹಾರ್ವರ್ಡ್ ತಂಡ 10 ಸೆಂಟಿಮೀಟರ್ ಅಗಲದ್ದು ಮಾಡಿ ಸೂರ್ಯ, ಚಂದ್ರನ ಫೋಟೊ ತೆಗೆಯಿತು. ಅದರಲ್ಲಿ 1,870 ಕೋಟಿ ಕಂಬಗಳು, ಚಿಪ್ ಕೆತ್ತುವ ಯಂತ್ರದಲ್ಲೇ ಕೆತ್ತಿದ್ದು. ಅಂಥದ್ದನ್ನು ಮೂಗಿನ ಮೇಲೆ ಕೂರಿಸಿ, ಕಂಬಗಳ ಸಂದಿಗೆ ಬೆರಳಿನ ಜಿಡ್ಡು ಹೋದರೆ ಕಥೆ ಏನು?

ಮೈನಸ್_ಒಂಬತ್ತು:
ನಾನು ಒರೆಸುವುದು ಬನಿಯನ್ ಅಂಚಿನಲ್ಲಿ, ಅದೂ ಉಸಿರು ಊದಿ 😅 ಸದ್ಯಕ್ಕೆ ಸೋಡಾಬುಡ್ಡಿಯೇ ಇರಲಿ ಬಿಡಿ.